ಶೀಗಿ ಹುಣ್ಣಿಮೆಗೆ ಹೋಗದ ಪ್ರವಾಸ: ಕರಾವಳಿ ನಡಿಗೆ ಶಿಬಿರವನ್ನು ಯೋಜಿಸಿದ ಬಗೆ

ಯೋಜನಾ ವಿಧಾನದ ಪಾಠವನ್ನು ನಾನು ಹಲವು ವರ್ಷಗಳಿಂದ ಒಂದೇ ರೀತಿ ಮಾಡುತ್ತ ಬಂದಿದ್ದೇನೆ. ಕಿಲ್‌ಪ್ಯಾಟ್ರಿಕ್ 1918ರಲ್ಲಿ ಬರೆದ ಪ್ರಬಂಧ, ನಾಲ್ಕು ಹಂತಗಳು, ಗುಣಗಳು, ಮಿತಿಗಳು. ಪ್ರಶಿಕ್ಷಣಾರ್ಥಿಗಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ತಪ್ಪಿಲ್ಲದೆ ಒಪ್ಪಿಸುತ್ತಾರೆ. ಉದ್ದೇಶಿಸುವುದು, ಯೋಜಿಸುವುದು, ಕಾರ್ಯಗತಗೊಳಿಸುವುದು, ಪರಾಮರ್ಶಿಸುವುದು ಎಂದು ಬಾಯಿಪಾಠ ಹೇಳುವ ನಮ್ಮಲ್ಲಿ ಎಷ್ಟು ಜನ ಒಂದಾದರೂ ಯೋಜನೆಯನ್ನು ನಿಜವಾಗಿ ಮಾಡಿದ್ದೇವೆ ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಕೇಳಿದವನೂ ಸುಮ್ಮನಾಗಬೇಕಾಗುತ್ತದೆ.

ಈ ಸಾಲಿನಲ್ಲಿ ಪೌರತ್ವ ತರಬೇತಿ ಶಿಬಿರದ ಮಾತು ಬಂದಾಗ ಹುಡುಗರು ಕರಾವಳಿ ಎಂದರು. ಬೆನ್ನಚೀಲ ಹೊತ್ತು ಗೋಕರ್ಣದಿಂದ ಕುಮಟೆಯ ಕಡೆಗೆ ದಡದಗುಂಟ ನಡೆಯುವುದು, ಎರಡು ರಾತ್ರಿ ಡೇರೆಯಲ್ಲಿ ಇರುವುದು. ನಾನು ಕೂಡಲೇ ಒಪ್ಪಲಿಲ್ಲ. ಅದಕ್ಕೆ ಕಾರಣವಿತ್ತು.

ಏಳು ವರ್ಷಗಳ ಹಿಂದೆ ದೀಪಾವಳಿ ರಜೆಯಲ್ಲಿ ಇದೇ ದಾರಿಯಲ್ಲಿ ಇಪ್ಪತ್ತೆಂಟು ಜನರನ್ನು ಕರೆದೊಯ್ದಿದ್ದೆ. ಆಗಿನ ಯೋಜನೆ ಆರು ಪುಟದ್ದು, ನಾನೇ ಬರೆದದ್ದು. ಸಾಮಾನ್ಯ ಉದ್ದೇಶ, ನಿರ್ದಿಷ್ಟ ಉದ್ದೇಶ, ನಿರೀಕ್ಷಿತ ವರ್ತನಾ ಬದಲಾವಣೆ ಎಲ್ಲವೂ ಇದ್ದವು. ಸಮುದ್ರ ಎಷ್ಟು ಹೊತ್ತಿಗೆ ಮೇಲೆ ಬರುತ್ತದೆ ಎಂಬುದು ಮಾತ್ರ ಇರಲಿಲ್ಲ. ಬೆಳಗಿನ ಆರೂವರೆಗೆ ಓಂ ಕಡಲತೀರ ಬಿಟ್ಟು ಹಾಫ್ ಮೂನ್ ತೀರಕ್ಕೆ ಬಂದೆವು. ಅಲ್ಲಿಂದ ಪ್ಯಾರಡೈಸ್ ತೀರಕ್ಕೆ ಗುಡ್ಡದ ಮೇಲೂ ದಾರಿಯಿದೆ, ಕೆಳಗೆ ಬಂಡೆಗಳ ಮೇಲೂ ಹೋಗಬಹುದು. ನೀರು ಹಿಂದೆ ಸರಿದಿತ್ತು, ಬಂಡೆ ಒಣಗಿತ್ತು, ನಾನು ಕೆಳಗಿನ ದಾರಿ ಹಿಡಿಸಿದೆ. ಒಂದು ಗಂಟೆಯೊಳಗೆ ಮುಂದಿನವರು ಒಂದು ಕಡೆ, ಹಿಂದಿನವರು ಇನ್ನೊಂದು ಕಡೆ, ನಡುವೆ ಸೊಂಟದವರೆಗಿನ ನೀರು. ದಾಟಲು ಹೋದ ಒಬ್ಬ ವಿದ್ಯಾರ್ಥಿನಿ ಜಾರಿ ಬಿದ್ದು ಮುಂಗೈ ಮೂಳೆ ಮುರಿದುಕೊಂಡಳು. ಬಂಡೆಯ ಮೇಲೆ ಗಾಳ ಹಾಕುತ್ತಿದ್ದ ಇಬ್ಬರು ಸ್ಥಳೀಯರು ಬಂದು ಒಬ್ಬೊಬ್ಬರನ್ನಾಗಿ ಮೇಲಕ್ಕೆ ಹತ್ತಿಸಿದರು. ಅವರಲ್ಲಿ ಹಿರಿಯರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ನಿನ್ನೆ ಅಮಾಸೆ ಅಲ್ಲವಾ ಮಾಸ್ತರ್ರೇ?" ಆ ಪ್ರಶ್ನೆಗೂ ನೀರಿಗೂ ಏನು ಸಂಬಂಧ ಎಂಬುದನ್ನು ನಾನು ಒಂಬತ್ತನೆಯ ತರಗತಿಗೆ ಪಾಠ ಮಾಡಿದವನೇ.

ಅಲ್ಲಿಂದೀಚೆಗೆ ಕಡಲಿನ ಕಡೆ ಪ್ರವಾಸ ಬೇಡವೆಂದೇ ಇದ್ದೆ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದಲ್ಲಿ ಪ್ರವಾಸಕ್ಕೆ ಬಂದ ನಾಲ್ವರು ಶಾಲಾ ಬಾಲಕಿಯರು ಮುಳುಗಿ ತೀರಿಕೊಂಡ ಸುದ್ದಿ ಓದಿದ ಮೇಲೆ ಆ ನಿರ್ಧಾರ ಇನ್ನೂ ಗಟ್ಟಿಯಾಯಿತು. ಆದರೆ ಇಂದಿನ ಈ ಪ್ರಶಿಕ್ಷಣಾರ್ಥಿಗಳು ಇನ್ನೆರಡು ವರ್ಷಕ್ಕೆ ಶಿಕ್ಷಕರಾಗಿ ಮಕ್ಕಳನ್ನು ಕರೆದುಕೊಂಡು ಕಡಲಿಗೆ ಹೋಗುವವರೇ. ಅವರು ಆಗ ಕಲಿಯುವುದಕ್ಕಿಂತ ಈಗ ಕಲಿಯಲಿ ಎಂದು ಕೊನೆಗೆ ಒಪ್ಪಿದೆ. ಷರತ್ತು ಒಂದು: ಯೋಜನೆಯನ್ನು ಅವರೇ ಮಾಡಬೇಕು, ನಾನು ಪ್ರಶ್ನೆ ಮಾತ್ರ ಕೇಳುತ್ತೇನೆ.

ದಿನ ಗೊತ್ತುಮಾಡುವುದು

ಅವರ ಮೊದಲ ಪ್ರಸ್ತಾವ ಸುಂದರವಾಗಿತ್ತು. ಶೀಗಿ ಹುಣ್ಣಿಮೆಯ ದಿನ ಹೊರಡುವುದು, ಬೆಳದಿಂಗಳಲ್ಲಿ ಮರಳಿನ ಮೇಲೆ ಡೇರೆ. ಮಳೆಗಾಲ ಹಿಂದೆ ಸರಿದಿರುತ್ತದೆ, ಚಳಿ ಬಂದಿರುವುದಿಲ್ಲ. ಇಪ್ಪತ್ತೆರಡು ಜನರಲ್ಲಿ ಇಪ್ಪತ್ತೊಂದು ಕೈ ಮೇಲೆದ್ದವು. ಎತ್ತದಿದ್ದವನು ಕುಮಟಾ ಕಡೆಯ ಮೀನುಗಾರ ಮನೆತನದ ಹುಡುಗ. ತರಗತಿಯಲ್ಲಿ ಮಾತು ಕಡಿಮೆ. ಸೂಕ್ಷ್ಮ ಬೋಧನೆಯಲ್ಲಿ ಪ್ರಶ್ನಿಸುವ ಕೌಶಲಕ್ಕೆ ಅವನಿಗೆ ನಾನೇ ಎಲ್ಲರಿಗಿಂತ ಕಡಿಮೆ ಅಂಕ ಕೊಟ್ಟಿದ್ದೆ. ಅವನು ಎದ್ದು ನಿಂತು, "ಸರ್, ಹುಣ್ಣಿಮೆ ರಾತ್ರಿ ಡೇರೆ ಎಲ್ಲಿ ಹಾಕ್ತ್ರಿ? ನೀರು ಗಾಳಿಮರದ ಬುಡಕ್ಕೆ ಬರ್ತದೆ" ಎಂದ.

ಅವನ ಆ ಒಂದು ಪ್ರಶ್ನೆಯ ಮೇಲೆ ಎರಡು ಅವಧಿ ಪಾಠ ನಡೆಯಿತು. ಅದನ್ನು ಇಲ್ಲಿ ತುಸು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಕರಾವಳಿ ಪ್ರವಾಸದ ಯೋಜನೆಯಲ್ಲಿ ಉಳಿದೆಲ್ಲವೂ ಇದರ ಮೇಲೆ ನಿಲ್ಲುತ್ತದೆ.

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಒಂದು ಭರತದಿಂದ ಮುಂದಿನ ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಚಂದ್ರನೂ ತನ್ನ ದಾರಿಯಲ್ಲಿ ಸ್ವಲ್ಪ ಮುಂದೆ ಹೋಗಿರುವುದರಿಂದ ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಚೀಚೆ ಸೂರ್ಯ ಚಂದ್ರರ ಸೆಳೆತ ಒಂದಾಗಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಆಚೀಚೆ ಏರಿಳಿತ ಕಡಿಮೆ. ಇಷ್ಟನ್ನು ಎಲ್ಲರೂ ಓದಿದ್ದರು. ಅದನ್ನು ಗಡಿಯಾರಕ್ಕೆ ಹಚ್ಚಿ ಯಾರೂ ನೋಡಿರಲಿಲ್ಲ.

ನಾವು ತೆರೆದ ಕಾರವಾರ ಬಂದರಿನ ಭರತ ಇಳಿತದ ಪಟ್ಟಿಯಲ್ಲಿ ಹುಣ್ಣಿಮೆಯ ದಿನ ಭರತ ಬೆಳಗಿನ ಹನ್ನೊಂದರ ಸುಮಾರಿಗಿತ್ತು, ಮತ್ತೊಂದು ರಾತ್ರಿ ಹನ್ನೊಂದರ ಮೇಲೆ. ಎಂದರೆ ನಾವು ನಡೆಯುವ ಹೊತ್ತಿಗೆ ಒಮ್ಮೆ, ಮಲಗುವ ಹೊತ್ತಿಗೆ ಒಮ್ಮೆ. ಒಬ್ಬ ಪ್ರಶಿಕ್ಷಣಾರ್ಥಿನಿ ಬೋರ್ಡಿನ ಮೇಲೆ ಲೆಕ್ಕ ಮುಂದುವರಿಸಿದಳು. ಏಳು ದಿನ ತಡೆದರೆ ಏಳು ಸಲ 50, ಎಂದರೆ ಆರು ಗಂಟೆಗೆ ಹತ್ತು ನಿಮಿಷ ಕಡಿಮೆ. ಭರತ ಸಂಜೆ ಐದರ ಸುಮಾರಿಗೆ ಹೋಗುತ್ತದೆ, ಇಳಿತ ಬೆಳಗಿನ ಹತ್ತೂಮುಕ್ಕಾಲಿನ ಹತ್ತಿರ ಬರುತ್ತದೆ. ಬಹುಳ ಅಷ್ಟಮಿ. ಬಂಡೆ ದಾಟಲು ಬೇಕಾದ ಹೊತ್ತು ಅದೇ. ಕಳೆದುಕೊಳ್ಳುವುದು ಬೆಳದಿಂಗಳನ್ನು: ಅಂದು ಚಂದ್ರ ಮೂಡುವುದು ನಡುರಾತ್ರಿಯ ಹತ್ತಿರ. ಹಿಂದಿನ ಬೆಂಚಿನಿಂದ ನಿಟ್ಟುಸಿರು ಕೇಳಿಸಿತು. ಗೋಡೆಯ ಕ್ಯಾಲೆಂಡರಿನ ತಿಥಿ ನೋಡಿ ನೀರಿನ ಹೊತ್ತು ಅಂದಾಜು ಮಾಡಬಹುದು ಎಂಬುದು ಮಾತ್ರ ಎಲ್ಲರಿಗೂ ಹಿಡಿಸಿತು. ಅಂದಾಜು ಅಂದಾಜೇ. ಹೊರಡುವ ಮುನ್ನ ಆಯಾ ದಿನದ ಪಟ್ಟಿ ನೋಡಲೇಬೇಕು, ದಿನದ ಎರಡು ಭರತಗಳೂ ಒಂದೇ ಎತ್ತರದವಲ್ಲ ಎಂಬುದನ್ನೂ ನೆನಪಿಡಬೇಕು.

ಇನ್ನೊಂದು ಸಂಗತಿ. ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಇಳಿತದಿಂದ ಭರತಕ್ಕೆ ಸುಮಾರು ಆರು ಗಂಟೆ ಎಂದುಕೊಂಡರೆ, ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿ, ಮೊದಲ ಗಂಟೆಗೆ ಒಂದು ಪಾಲು, ಎರಡನೆಯದಕ್ಕೆ ಎರಡು, ಮೂರು ಮತ್ತು ನಾಲ್ಕನೆಯದಕ್ಕೆ ಮೂರು ಮೂರು, ಆಮೇಲೆ ಎರಡು, ಒಂದು ಎಂಬುದು ನಾವಿಕರ ಹಳೆಯ ಲೆಕ್ಕ. ಏರಿಕೆ 180 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಮೊದಲ ಗಂಟೆಯಲ್ಲಿ 15 ಸೆಂಟಿಮೀಟರ್, ನಡುವಿನ ಎರಡು ಗಂಟೆಗಳಲ್ಲಿ 90. ಹಳೆಯ ಪ್ರವಾಸದ ಕಥೆಯನ್ನು ಆಗ ಅವರಿಗೆ ಹೇಳಿದೆ. ಅಮಾವಾಸ್ಯೆಯ ಮರುದಿನ ನಸುಕಿನ ಐದೂಮುಕ್ಕಾಲಿಗೆ ಇಳಿತ, ನಾವು ಬಂಡೆಗೆ ಇಳಿದದ್ದು ಏಳೂ ಕಾಲಿಗೆ. "ಹಾಗಾದರೆ ಸರ್, ನೀರು ಓಡಿ ಬರುವ ಗಂಟೆಯನ್ನೇ ಹುಡುಕಿ ಇಳಿದಂತಾಯಿತು" ಎಂದಳು ಲೆಕ್ಕ ಮಾಡಿದವಳು. ಏಳು ವರ್ಷಗಳಲ್ಲಿ ಆ ಘಟನೆಯ ಬಗ್ಗೆ ಬಂದ ಸರಿಯಾದ ವಿಮರ್ಶೆ ಅದೊಂದೇ.

ಸಾಣಿಕಟ್ಟಾದ ಉಪ್ಪಿನಾಗರ, ಅಘನಾಶಿನಿ ಅಳಿವೆಯಲ್ಲಿ ಇಳಿತ ನೋಡಿ ಬಳಚು ಹೆಕ್ಕಲು ನೀರಿಗಿಳಿಯುವ ಹೆಂಗಸರು, ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳು, ಇವೆಲ್ಲ ಇದೇ ಲೆಕ್ಕದ ಮೇಲೆ ನಡೆಯುತ್ತವೆ. ಈ ಅಳಿವೆ 2024ರಲ್ಲಿ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿದೆ. ಸಮಾಜ ವಿಜ್ಞಾನದವರಿಗೆ ಇಲ್ಲೇ ನಾಲ್ಕು ಪಾಠಗಳಿಗೆ ಸಾಮಗ್ರಿಯಿದೆ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಶರತ್ಕಾಲದ ಕಡಲು, ಶರತ್ಕಾಲದ ಆಕಾಶ

ಅಕ್ಟೋಬರಿನ ಕಡಲು ಜನವರಿಯ ಕಡಲಲ್ಲ. ಮುಂಗಾರಿನ ಅಲೆಗಳು ದಡದ ಮರಳನ್ನು ಕೊಚ್ಚಿ ಒಳಗೆ ಎಳೆದಿರುತ್ತವೆ. ಅದು ನಿಧಾನವಾಗಿ ಮರಳಿ ಬಂದು ದಡ ಅಗಲವಾಗಲು ತಿಂಗಳುಗಳು ಬೇಕು. ಆದ್ದರಿಂದ ಈ ಕಾಲದಲ್ಲಿ ಎಷ್ಟೋ ಕಡೆ ದಡ ಕಡಿದಾಗಿರುತ್ತದೆ, ನೀರೊಳಗೆ ಮರಳಿನ ದಿಬ್ಬವೂ ಅದರ ನಡುವೆ ಕಾಲುವೆಯೂ ಇರುತ್ತವೆ. ದಡಕ್ಕೆ ಬಂದ ನೀರು ಆ ಕಾಲುವೆ ಹಿಡಿದು ರಭಸವಾಗಿ ಹಿಂತಿರುಗುತ್ತದೆ. ಹೊರಸೆಳೆತ ಎನ್ನುವುದು ಇದನ್ನೇ. ಅಲೆ ಒಡೆಯದೆ ಶಾಂತವಾಗಿ ಕಾಣುವ ಜಾಗ ನೋಡಿ ಹೊಸಬರು ಅಲ್ಲಿಯೇ ಇಳಿಯುತ್ತಾರೆ. ಸೆಳೆತ ಇರುವುದೂ ಹೆಚ್ಚಾಗಿ ಅಲ್ಲಿಯೇ. ಸಿಕ್ಕಿಕೊಂಡವರು ದಡದ ಕಡೆಗೆ ಈಜಲು ಹೋಗಿ ದಣಿಯುತ್ತಾರೆ. ಈಜು ಬಲ್ಲವರು ದಡಕ್ಕೆ ಸಮಾನಾಂತರವಾಗಿ ಸರಿದು ಸೆಳೆತದಿಂದ ಹೊರಬಿದ್ದು ಆಮೇಲೆ ದಡಕ್ಕೆ ಬರಬೇಕು. ಬಯಲುಸೀಮೆಯ ನಮ್ಮ ತಂಡದಲ್ಲಿ ಈಜು ಬರುತ್ತಿದ್ದವರು ಐವರು, ಅದೂ ಬಾವಿಯಲ್ಲಿ ಕಲಿತದ್ದು. ಹೀಗಾಗಿ ಮೊಣಕಾಲಿನ ಮೇಲೆ ನೀರು ಬೇಡ ಎಂಬ ನಿಯಮ ಬಂತು. ಆ ಐವರು ಎರಡು ದಿನ ವಾದ ಮಾಡಿದರು. ನಾನು ಮಧ್ಯೆ ಹೋಗಲಿಲ್ಲ. "ನಿಮ್ಮನ್ನು ನೋಡಿ ಆರನೆಯವನು ಇಳಿದರೆ?" ಎಂದು ಸಂಗಡಿಗರೇ ಕೇಳಿ ಬಾಯಿ ಮುಚ್ಚಿಸಿದರು.

ಮಳೆ ಮುಗಿದಿದೆ ಎಂಬುದೂ ಅರ್ಧ ಸತ್ಯವೇ. ಅಕ್ಟೋಬರ್‌, ನವೆಂಬರಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನ ಮಳೆ ಸಾಮಾನ್ಯ. ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಏಳುವ ಕಾಲವೂ ಇದೇ. 2019ರ ಅಕ್ಟೋಬರ್ ಕೊನೆಯ ಕ್ಯಾರ್ ಚಂಡಮಾರುತ ದಡಕ್ಕೆ ಅಪ್ಪಳಿಸದೆ ದೂರದಲ್ಲಿಯೇ ಹೋದರೂ ನಮ್ಮ ಕರಾವಳಿಗೆ ಗಾಳಿಮಳೆ ತಂದಿತ್ತು. ಆದ್ದರಿಂದ ಹವಾಮಾನ ಇಲಾಖೆಯ ಮುನ್ಸೂಚನೆಯನ್ನೂ, ಎತ್ತರದ ಅಲೆಗಳ ಬಗ್ಗೆ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಕೊಡುವ ಎಚ್ಚರಿಕೆಯನ್ನೂ ಮೂರು ದಿನ ಮೊದಲಿನಿಂದ ಬೆಳಿಗ್ಗೆ ಸಂಜೆ ನೋಡಿ ದಾಖಲಿಸುವ ಕೆಲಸ ಇಬ್ಬರಿಗೆ. ಮೀನುಗಾರರಿಗೆ ಸಮುದ್ರಕ್ಕೆ ಇಳಿಯಬೇಡಿ ಎಂಬ ಸೂಚನೆ ಬಂದರೆ ನಮ್ಮ ಪ್ರವಾಸವೂ ರದ್ದು; ಇದರಲ್ಲಿ ಚರ್ಚೆಯಿಲ್ಲ. ಗುಡುಗು ಕೇಳಿಸಿತೆಂದರೆ ಮರಳಿನ ಬಯಲು ಬಿಟ್ಟು ಗಟ್ಟಿ ಕಟ್ಟಡ ಸೇರುವುದು, ಕೊನೆಯ ಗುಡುಗಿನ ಬಳಿಕ ಅರ್ಧ ಗಂಟೆ ಹೊರಗೆ ಬರದಿರುವುದು. ಬಯಲು ದಡದ ಮೇಲೆ ನಿಂತವನೇ ಅಲ್ಲಿ ಎತ್ತರದ ವಸ್ತು ಎಂಬುದನ್ನು ಭೌತವಿಜ್ಞಾನದವರು ಚಿತ್ರ ಬರೆದು ತೋರಿಸಿದರು.

ಬೆನ್ನ ಮೇಲೆ ಏನು

ಮೊದಲ ಸಾಮಾನು ಪಟ್ಟಿ ಎರಡೂವರೆ ಪುಟ. ಅದರಲ್ಲಿ ಕ್ರಿಕೆಟ್ ಬ್ಯಾಟೂ ಇತ್ತು, ಹಾರ್ಮೋನಿಯಮ್ಮೂ ಇತ್ತು. ನಾನು ಒಂದು ತೂಕದ ಯಂತ್ರ ತಂದು ಮೇಜಿನ ಮೇಲಿಟ್ಟೆ. ದೇಹದ ತೂಕದ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಹೊರಬಾರದು ಎಂಬುದು ಸಾಮಾನ್ಯ ಮಾತು. ಹೊತ್ತು ರೂಢಿಯಿಲ್ಲದವರಿಗೆ ಅದೂ ಹೆಚ್ಚು. ನಾವು ಎಂಟು ಕಿಲೋ ಎಂದು ಗೆರೆ ಎಳೆದೆವು. ಅದರಲ್ಲಿ ನೀರೇ ಮೂರು ಕಿಲೋ. ಅಕ್ಟೋಬರಿನ ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ, ನೀರು ಕಡಿಮೆ ಮಾಡುವಂತಿಲ್ಲ. ಉಳಿದ ಐದು ಕಿಲೋದಲ್ಲಿ ಬಟ್ಟೆ, ಹೊದಿಕೆ, ಡೇರೆಯ ಪಾಲು, ಊಟ.

ಊಟದ ವಿಷಯದಲ್ಲಿ ನಮ್ಮ ಕಡೆಯವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅವಲಕ್ಕಿ, ಬೆಲ್ಲ. ಕೆಡುವುದಿಲ್ಲ, ಬೇಯಿಸಬೇಕಿಲ್ಲ, ಹಗುರ. ಒಲೆ ಬೇಡವಾದ್ದರಿಂದ ಕಾಡಿನಂಚಿನಲ್ಲಿ ಬೆಂಕಿ ಹಚ್ಚುವ ಪ್ರಶ್ನೆಯೂ ಬರಲಿಲ್ಲ. ರೊಟ್ಟಿ ಪುಡಿಯಾಗದಂತೆ ಸ್ಟೀಲ್ ಡಬ್ಬಿ ಬೇಕೆಂದವರಿಗೂ ಡಬ್ಬಿಯ ತೂಕ ನೋಡಿ ಎಂದವರಿಗೂ ನಡೆದ ವಾಗ್ವಾದ ಮಾತ್ರ ಬಗೆಹರಿಯಲೇ ಇಲ್ಲ.

ಎಲ್ಲಿ ಮಲಗುವುದು ಎಂಬುದು ಕಷ್ಟದ ಪ್ರಶ್ನೆಯಾಯಿತು. ದಡದಲ್ಲಿ ಡೇರೆ ಹಾಕಲು ಎಲ್ಲ ಕಡೆ ಅನುಮತಿಯಿಲ್ಲ. ಗ್ರಾಮ ಪಂಚಾಯಿತಿ, ಪೊಲೀಸ್ ಠಾಣೆ, ಗುಡ್ಡದ ದಾರಿಯಾದರೆ ಅರಣ್ಯ ಇಲಾಖೆ, ಹೀಗೆ ಕೇಳಿಯೇ ಹೋಗಬೇಕು. ಅದಕ್ಕಿಂತ ಮುಖ್ಯವಾದ ಮಾತನ್ನು ಹುಡುಗಿಯರು ನನ್ನ ಮುಂದೆ ಆಡಲಿಲ್ಲ, ನಮ್ಮ ಸಹೋದ್ಯೋಗಿ ಮೇಡಂ ಅವರ ಮುಂದೆ ಆಡಿದರು. ರಾತ್ರಿ ಶೌಚಕ್ಕೆ ಎಲ್ಲಿಗೆ? ತಿಂಗಳ ದಿನಗಳಾದರೆ? ಹದಿಮೂರು ಜನ ಹೆಣ್ಣುಮಕ್ಕಳಿದ್ದ ತಂಡದಲ್ಲಿ ಮೂರು ವಾರ ಚರ್ಚೆ ನಡೆದರೂ ಯಾವ ಪಟ್ಟಿಯಲ್ಲಿಯೂ ಈ ಸಾಲು ಬಂದಿರಲಿಲ್ಲ. ಬೋರ್ಡಿನ ಮುಂದೆ ನಿಂತು ಎಲ್ಲರೂ ಮುಕ್ತವಾಗಿ ಮಾತಾಡುತ್ತಿದ್ದಾರೆ ಎಂದು ನಾನು ತಿಳಿದಿದ್ದೆ. ಮುಕ್ತವಾಗಿ ಮಾತಾಡುತ್ತಿದ್ದವರು ಒಂಬತ್ತು ಜನ.

ಆ ಮಾತು ಬಂದ ಮೇಲೆ ದಾರಿ ಸರಳವಾಯಿತು. ಅಲ್ಲಿಯ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ಶಾಲಾಭಿವೃದ್ಧಿ ಸಮಿತಿಗಳಿಗೂ ಪತ್ರ ಬರೆದು ಎರಡು ಸರ್ಕಾರಿ ಶಾಲೆಗಳ ಆವರಣ ಕೇಳಿದೆವು. ಡೇರೆ ಶಾಲೆಯ ಅಂಗಳದಲ್ಲಿ, ಶೌಚಾಲಯ ಶಾಲೆಯದು, ಮಳೆ ಬಂದರೆ ಕೋಣೆಯ ಸೂರು. ಅದಕ್ಕೆ ಬದಲಾಗಿ ಅಲ್ಲಿಯ ಮಕ್ಕಳಿಗೆ ಒಂದು ಬೆಳಗಿನ ಅವಧಿ ಪಾಠ. "ಅಂಗಳದಾಗ ಡೇರೆ ಹಾಕೋದು ಎಂಥಾ ಕ್ಯಾಂಪ್ ಸರ್?" ಎಂದು ಕೆಲವರು ಮುಖ ಊದಿಸಿಕೊಂಡರು. ಡೇರೆ ಎಲ್ಲಿ ಹಾಕಬಾರದು ಎಂಬ ಪಟ್ಟಿಗೆ ಕುಮಟೆಯ ಹುಡುಗ ಇನ್ನೊಂದು ಸೇರಿಸಿದ: ತೆಂಗಿನಮರದ ಕೆಳಗೆ. ಬಯಲುಸೀಮೆಯವರಿಗೆ ನೆರಳಷ್ಟೇ ಕಾಣುತ್ತದೆ.

ತಿರುಗುವ ಗಂಟೆ

ಯೋಜನೆಯ ಕೊನೆಯ ಪುಟದಲ್ಲಿ ಒಂದು ಸಾಲನ್ನು ನಾನು ಕೇಳಿ ಬರೆಸಿದೆ. ಎಷ್ಟು ಹೊತ್ತಾದರೆ ದಾರಿ ಬದಲಿಸುತ್ತೀರಿ? ಆ ನಿರ್ಧಾರ ಯಾರದು? ಅವರು ಹೀಗೆ ಲೆಕ್ಕ ಹಾಕಿದರು. ಇಳಿತ ಹತ್ತೂಮುಕ್ಕಾಲಿಗೆ. ಇಪ್ಪತ್ನಾಲ್ಕು ಜನ ಬಂಡೆ ದಾಟಲು ಒಂದು ಗಂಟೆ ಬೇಕು. ಹನ್ನೆರಡೂವರೆಯ ಮೇಲೆ ಬಂಡೆಯ ಮೇಲೆ ಯಾರೂ ಇರಬಾರದು. ಆದ್ದರಿಂದ ಹನ್ನೊಂದೂವರೆಯೊಳಗೆ ಹಾಫ್ ಮೂನ್ ತೀರದ ತುದಿ ತಲುಪದಿದ್ದರೆ ಗುಡ್ಡದ ದಾರಿ, ಬೇಲೆಕಾನ ಕಡೆಗೆ. ಎಲ್ಲರಿಗಿಂತ ನಿಧಾನ ನಡೆಯುವವರು ಮುಂದೆ ಇರಬೇಕು, ಗುಂಪಿನ ವೇಗ ಅವರದೇ. ನಿರ್ಧಾರ ಅಂದಿನ ನಾಯಕಿಯದು, ನನ್ನದಲ್ಲ.

ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲಾ ಮೇಲೆ ಹಿಂದಿನ ಸಂಜೆಯೇ ಗೋಕರ್ಣ ಸೇರಿದೆವು. ರಾತ್ರಿ ಒಂದು ಸಣ್ಣ ಮಳೆ. ಬೆಳಿಗ್ಗೆ ಎಂಟಕ್ಕೆ ಹೊರಡಬೇಕಾದವರು ಎಂಟೂ ನಲವತ್ತಕ್ಕೆ ಹೊರಟೆವು. ತಿಂಡಿಯ ಪಾತ್ರೆ ತೊಳೆಯುವ ಸರದಿ ಯಾರದೆಂಬ ಜಗಳದಲ್ಲಿ ನಲವತ್ತು ನಿಮಿಷ ಹೋದವು. ಕುಡ್ಲೆ, ಓಂ ದಾಟುವಷ್ಟರಲ್ಲಿ ಇಬ್ಬರ ಹಿಮ್ಮಡಿಯಲ್ಲಿ ಬೊಬ್ಬೆ. ಒಬ್ಬರಿಗೆ ಔಷಧ ಹಚ್ಚಿ ಬಟ್ಟೆ ಕಟ್ಟುವಾಗ ಉಳಿದವರು ಎಳನೀರು ಕುಡಿದರು. ಹಾಫ್ ಮೂನ್ ತುದಿಗೆ ಬಂದಾಗ ಹನ್ನೊಂದೂ ನಲವತ್ತು.

ನೀರು ಇನ್ನೂ ಕೆಳಗಿತ್ತು. ಬಂಡೆಗಳು ಒಣಗಿದ್ದವು, ಏಳು ವರ್ಷದ ಹಿಂದೆ ಇದ್ದ ಹಾಗೆಯೇ. ಅಷ್ಟಮಿಯ ನೀರು, ಏರಿಕೆ ಕಡಿಮೆ, ಹತ್ತು ನಿಮಿಷದ ಮಾತು, ಹೋಗಿಬಿಡೋಣ ಎಂದು ಮೂರ್ನಾಲ್ಕು ಜನ ಅಂದರು. ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಬಹುಶಃ ದಾಟಬಹುದಾಗಿತ್ತು ಕೂಡ. ನಾಯಕಿ ನನ್ನ ಮುಖ ನೋಡಿದಳು. ನಾನು ಕಡಲ ಕಡೆ ನೋಡಿದೆ. ಆಕೆ ಗಡಿಯಾರ ನೋಡಿ ಕೈ ಮೇಲೆತ್ತಿ ಗುಡ್ಡ ತೋರಿಸಿದಳು. ಕೆಲವರು ಗೊಣಗಿಕೊಂಡೇ ಹತ್ತಿದರು. ಗುಡ್ಡದ ದಾರಿಯಲ್ಲಿ ಬಿಸಿಲು ಹೆಚ್ಚು, ಹುಲ್ಲು ಸೊಂಟದವರೆಗೆ, ಒಬ್ಬನ ಅಂಗಿ ಮುಳ್ಳಿಗೆ ಸಿಕ್ಕಿ ಹರಿಯಿತು. ನೆತ್ತಿಗೆ ಬಂದಾಗ ಕೆಳಗೆ ಕಡಲು ಪೂರ್ತಿ ಕಾಣುತ್ತಿತ್ತು. ಕುಮಟೆಯ ಹುಡುಗ ಎಲ್ಲರನ್ನೂ ಅಲ್ಲಿ ಕೂರಿಸಿ ಬಂಡೆಗಳ ಕಡೆ ಕೈ ಮಾಡಿ, ಈಗ ಯಾವ ಬಂಡೆ ಮೊದಲು ಮುಳುಗುತ್ತದೆ ಹೇಳಿ ಎಂದು ಕೇಳಿದ. ಒಬ್ಬೊಬ್ಬರು ಒಂದೊಂದು ಹೇಳಿದರು. ಯಾಕೆ ಎಂದು ಕೇಳಿದ. ಉತ್ತರ ಬರುವವರೆಗೆ ಸುಮ್ಮನೆ ಕಾಯ್ದ. ಮತ್ತೆ ಕೇಳಿದ. ಅರ್ಧ ಗಂಟೆ ನಾವು ರೊಟ್ಟಿ ತಿನ್ನುತ್ತ ಅದನ್ನೇ ನೋಡಿದೆವು.

ಅವಲೋಕನ ಪುಸ್ತಕ ನನ್ನ ಚೀಲದಲ್ಲಿಯೇ ಇತ್ತು. ಪ್ರಶ್ನಿಸುವ ಕೌಶಲದ ಹಾಳೆ ತೆಗೆದು ಹಳೆಯ ಅಂಕ ಹೊಡೆದುಹಾಕಿ ಹೊಸದನ್ನು ಬರೆದು ಸಹಿ ಹಾಕಿದೆ. ಪರಿಷ್ಕರಣೆಯ ಕಾರಣ ಎಂಬ ಅಂಕಣದಲ್ಲಿ ಸ್ಥಳ, ಹೊತ್ತು ಎರಡನ್ನೂ ನಮೂದಿಸಿದ್ದೇನೆ.